ಜೇಬಿನಲ್ಲಿ ಉಳಿದದ್ದು ಮೆಷಿನ್ನಿಗೆ ಹೋದರೆ ಹೊಣೆ ಯಾರದು?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸ ಒಬ್ಬರದೇ. ಮೊನ್ನೆ ಯಾರದೋ ಪ್ಯಾಂಟಿನ ಜೇಬಿನಲ್ಲಿದ್ದ ಟಿಶ್ಯೂ ಕಾಗದ ಇಡೀ ಮೆಷಿನ್ನಿನ ಬಟ್ಟೆಗೆಲ್ಲ ಹತ್ತಿಕೊಂಡಿತು. ‘ಒಗೆಯುವವರು ಜೇಬು ನೋಡಿ ಹಾಕಬೇಕಿತ್ತು’ ಎಂದು ಒಬ್ಬರು, ‘ತೊಟ್ಟವರು ಖಾಲಿ ಮಾಡಿ ಕೊಡಬೇಕಿತ್ತು’ ಎಂದು ಇನ್ನೊಬ್ಬರು. ಇದು ನಿಜಕ್ಕೂ ಯಾರ ಹೊಣೆ? ಇಂಥದ್ದು ಮತ್ತೆ ಆಗದಂತೆ ಏನು ಮಾಡಬೇಕು?

ಉತ್ತರ: ತೊಟ್ಟವರ ಹೊಣೆ. ಜೇಬಿನೊಳಗೆ ಏನಿದೆ ಎಂದು ಗೊತ್ತಿರುವುದು ಅದನ್ನು ಅಲ್ಲಿಟ್ಟವರಿಗೆ ಮಾತ್ರ. ಬಟ್ಟೆ ಕಳಚುವಾಗ ಜೇಬಿಗೆ ಕೈಹಾಕಿ ನೋಡಲು ಹತ್ತು ಸೆಕೆಂಡೂ ಬೇಡ. ಅದೇ ಕೆಲಸವನ್ನು ಒಗೆಯುವವರ ತಲೆಗೆ ಕಟ್ಟಿದರೆ ಅವರು ಬುಟ್ಟಿಯಲ್ಲಿರುವ ಪ್ರತಿ ಪ್ಯಾಂಟು, ಪ್ರತಿ ಅಂಗಿ, ಪ್ರತಿ ಜಾಕೆಟ್ಟಿನ ಒಳಜೇಬನ್ನೂ ತಡಕಬೇಕು. ಅದೂ ಮುದುಡಿಕೊಂಡು, ಅರ್ಧ ಒಳಮಗ್ಗುಲು ಹೊರಗಾಗಿ ಬಿದ್ದಿರುವ ಬಟ್ಟೆಯಲ್ಲಿ. ಅಷ್ಟು ತಡಕಿದರೂ ಜೀನ್ಸಿನ ಮುಂದಿರುವ ಪುಟ್ಟ ಜೇಬಿನಲ್ಲಿ ಮಡಿಸಿಟ್ಟ ಚೀಟಿಯೊಂದು ಕಣ್ತಪ್ಪಬಹುದು.

ಹಾಗೆಂದು ಒಗೆಯುವವರಿಗೆ ಎಲ್ಲದರಿಂದಲೂ ಬಿಡುಗಡೆ ಸಿಕ್ಕಿತು ಎಂದಲ್ಲ. ಅನಾಹುತ ತಪ್ಪಿಸಲು ಬೇಕಾದ ಸಂಗತಿ ಯಾರಿಗೆ ಗೊತ್ತಿತ್ತೋ ಅವರದೇ ಹೊಣೆ ಎಂದು ಇಟ್ಟುಕೊಂಡರೆ ಮನೆಯ ಹೆಚ್ಚಿನ ಜಗಳಗಳು ಬಗೆಹರಿಯುತ್ತವೆ. ಜೇಬು, ಕಲೆ, ಹೊಸ ಬಟ್ಟೆ, ಇವು ತೊಟ್ಟವರಿಗೆ ಗೊತ್ತಿರುವ ಸಂಗತಿಗಳು. ಯಾವುದರ ಜೊತೆ ಯಾವುದನ್ನು ಹಾಕಿದೆ, ನೀರು ಎಷ್ಟು ಬಿಸಿ ಇಟ್ಟೆ, ಎಷ್ಟು ತುಂಬಿದೆ, ಇವು ಮೆಷಿನ್ ಹಚ್ಚಿದವರಿಗೆ ಗೊತ್ತಿರುವಂಥವು.

ಮೊದಲು ನಿಮ್ಮ ಟಿಶ್ಯೂ ವಿಚಾರ. ಕಾಗದ ಅಂಟಿದ್ದು ಕಂಡೊಡನೆ ಎಲ್ಲರೂ ಮಾಡುವುದು ಇನ್ನೊಮ್ಮೆ ಒಗೆಯುವುದು. ದಯವಿಟ್ಟು ಹಾಗೆ ಮಾಡಬೇಡಿ. ಟಿಶ್ಯೂ ಎಂದರೆ ಸೆಲ್ಯುಲೋಸಿನ ತುಂಡು ನಾರುಗಳ ತೆಳು ಹಾಳೆ. ಮೆಷಿನ್ನಿನ ತಿರುಗಾಟಕ್ಕೆ ನಾರುಗಳು ಬಿಡಿಬಿಡಿಯಾಗಿ, ಒದ್ದೆ ಬಟ್ಟೆಯ ನೂಲುಗಳ ಸಂದಿಯಲ್ಲಿ ಕೂರುತ್ತವೆ. ಮತ್ತೆ ನೀರಿಗೆ ಹಾಕಿದರೆ ಚೂರುಗಳು ಇನ್ನಷ್ಟು ಸಣ್ಣಗಾಗಿ, ಇಲ್ಲಿಯವರೆಗೆ ಚೆನ್ನಾಗಿದ್ದ ಬಟ್ಟೆಗೂ ಹರಡುತ್ತವೆ. ದೊಡ್ಡ ಉಂಡೆಗಳನ್ನು ಕೈಯಿಂದ ಆರಿಸಿ ತೆಗೆದು, ಬಟ್ಟೆಯನ್ನು ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೆ ಹೊರಗೆ ನಿಂತು ಜೋರಾಗಿ ಕೊಡವಿ. ಮುಕ್ಕಾಲು ಪಾಲು ಅಲ್ಲೇ ಉದುರುತ್ತದೆ. ಉಳಿದದ್ದಕ್ಕೆ ಬಟ್ಟೆ ಬ್ರಷ್ಷು ಅಥವಾ ಅಗಲವಾದ ಅಂಟು ಟೇಪು ಸಾಕು. ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ 10ರಿಂದ 15 ನಿಮಿಷ ತಿರುಗಿಸಿ, ಆಮೇಲೆ ಅದರ ಜಾಲರಿಯನ್ನು ತಪ್ಪದೆ ಸ್ವಚ್ಛ ಮಾಡಿ. ಮೆಷಿನ್ನಿನ ಡ್ರಮ್ಮು ಒಣಗಿದ ಮೇಲೆ ಬಟ್ಟೆಯಿಂದ ಒರೆಸಿ, ಬಾಗಿಲ ಸುತ್ತಲಿನ ರಬ್ಬರ್ ಮಡಿಕೆಯೊಳಗೆ ಬೆರಳಾಡಿಸಿ, ಖಾಲಿಯಾಗಿ ಒಂದು ಸಲ ನೀರು ಓಡಿಸಿದರೆ ಮುಂದಿನ ಸರದಿಯ ಬಟ್ಟೆಗೆ ಹತ್ತುವುದಿಲ್ಲ.

ಟಿಶ್ಯೂ ತಲೆನೋವು ಮಾತ್ರ, ಬಟ್ಟೆ ಹಾಳಾಗುವುದಿಲ್ಲ. ಪೆನ್ನು ಹಾಗಲ್ಲ. ಬಾಲ್ ಪೆನ್ನಿನ ಶಾಯಿ ಎಣ್ಣೆಯಂಥ ದ್ರಾವಕದಲ್ಲಿ ಕರಗಿದ ಬಣ್ಣ. ನೀರು, ಸೋಪಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ, ಆಲ್ಕೊಹಾಲಿಗೆ ಬಗ್ಗುತ್ತದೆ. ಕಲೆಯಾದ ಭಾಗವನ್ನು ದಪ್ಪ ಬಿಳಿ ಬಟ್ಟೆಯ ಮೇಲೆ ಮಗುಚಿ ಹಾಕಿ, ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹಿಂಬದಿಯಿಂದ ಒತ್ತುತ್ತಾ ಬನ್ನಿ. ಉಜ್ಜಬಾರದು, ಉಜ್ಜಿದರೆ ಕಲೆ ಅಗಲವಾಗುತ್ತದೆ. ಕೆಳಗಿನ ಬಟ್ಟೆಗೆ ಶಾಯಿ ಇಳಿಯುತ್ತಿದ್ದಂತೆ ಅದನ್ನು ಸರಿಸಿ ಹೊಸ ಜಾಗ ಕೊಡಿ. ಶುರು ಮಾಡುವ ಮೊದಲು ಒಳಗಿನ ಹೊಲಿಗೆಯಂಚಿನಲ್ಲಿ ಒಂದು ಹನಿ ಹಾಕಿ ಬಟ್ಟೆಯ ಸ್ವಂತ ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಳ್ಳಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು, ವಾಸನೆ ಪೂರ್ತಿ ಹೋಗುವವರೆಗೆ ಕೈಯಿಂದ ತೊಳೆದ ನಂತರವೇ ಮೆಷಿನ್ನಿಗೆ ಹಾಕಬೇಕು. ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಅಸಿಟೋನ್ ಇದ್ದರೆ ಅಸಿಟೇಟ್ ಎಂಬ ಕೃತಕ ನೂಲಿನ ಬಟ್ಟೆಯೇ ಕರಗಿಹೋಗುತ್ತದೆ, ಆ ಪ್ರಯೋಗ ಬೇಡ. ಜೆಲ್ ಪೆನ್ನಿನದಾದರೆ ಆಸೆ ಕಡಿಮೆ ಇಟ್ಟುಕೊಳ್ಳಿ. ಅದರಲ್ಲಿ ಹೆಚ್ಚಾಗಿ ಇರುವುದು ಕರಗದ ಬಣ್ಣದ ಕಣಗಳು. ನೂಲಿನೊಳಗೆ ಸಿಕ್ಕಿಕೊಂಡರೆ ಹೊರಗೆ ಬರುವುದು ಕಷ್ಟ. ಯಾವ ಶಾಯಿಯೇ ಆಗಲಿ, ಕಲೆ ಹೋಗುವ ಮೊದಲು ಇಸ್ತ್ರಿಯ ಅಥವಾ ಡ್ರೈಯರಿನ ಬಿಸಿ ತಗುಲಿಸಬೇಡಿ. ಡ್ರಮ್ಮಿಗೆ ಹತ್ತಿದ ಶಾಯಿಗೂ ಇದೇ ಆಲ್ಕೊಹಾಲು: ಪ್ಲಗ್ ಕಿತ್ತು, ಒರೆಸಿ, ತೊಳೆದು, ಹಳೆಯ ಚಿಂದಿ ಬಟ್ಟೆ ಹಾಕಿ ಒಂದು ಸಲ ಓಡಿಸಿ ನೋಡಿ. ಚಿಂದಿಗೆ ಬಣ್ಣ ಹತ್ತದಿದ್ದರೆ ಮಾತ್ರ ಒಳ್ಳೆಯ ಬಟ್ಟೆ ಹಾಕಿ.

ನಾಣ್ಯ, ಸ್ಕ್ರೂ, ಹೇರ್‌ಪಿನ್ನುಗಳು ಬಟ್ಟೆಗಿಂತ ಮೆಷಿನ್ನಿಗೆ ಕೇಡು. ಮುಂದೆ ಬಾಗಿಲಿರುವ ಮೆಷಿನ್ನಿನಲ್ಲಿ ತಿರುಗುವ ಡ್ರಮ್ಮಿಗೂ ರಬ್ಬರಿಗೂ ನಡುವೆ ಸಣ್ಣ ಸಂದು ಇರುತ್ತದೆ. ನಾಣ್ಯ ಅಲ್ಲಿಂದ ಜಾರಿ ಹೊರಗಿನ ತೊಟ್ಟಿಗೆ ಇಳಿದು, ನೀರಿನ ಜೊತೆ ಡ್ರೈನ್ ಪಂಪಿನ ಫಿಲ್ಟರಿಗೆ ಬಂದು ನಿಲ್ಲುತ್ತದೆ. ಹೇರ್‌ಪಿನ್ನು, ಒಳಉಡುಪಿನ ತಂತಿ ಡ್ರಮ್ಮಿನ ತೂತುಗಳಿಂದಲೇ ತೂರಿಹೋಗಿ, ಕೆಳಗಿರುವ ಹೀಟರಿಗೆ ಸಿಕ್ಕಿಕೊಳ್ಳಬಹುದು ಅಥವಾ ಡ್ರಮ್ಮು ತಿರುಗುವಾಗ ತೊಟ್ಟಿಯನ್ನೇ ಗೀರಬಹುದು. ಕಟಕಟ ಸದ್ದು ಬಂದರೆ ಆ ಸರದಿ ಮುಗಿಯಲಿ ಎಂದು ಕಾಯದೆ ನಿಲ್ಲಿಸಿ.

ಫಿಲ್ಟರ್ ತೆಗೆಯುವ ಕ್ರಮ ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು. ಮೆಷಿನ್ ನಿಲ್ಲಿಸಿ ಪ್ಲಗ್ ಕೀಳಿ. ಬಿಸಿನೀರಿನಲ್ಲಿ ಒಗೆದಿದ್ದರೆ ತಣಿಯಲು ಬಿಡಿ. ಮುಂಭಾಗದ ಕೆಳಮೂಲೆಯಲ್ಲಿ ಒಂದು ಪುಟ್ಟ ಮುಚ್ಚಳ ಇರುತ್ತದೆ. ಅದರ ಮುಂದೆ ತಗ್ಗು ತಟ್ಟೆ, ದಪ್ಪ ಟವೆಲ್ಲು ಇಡಿ, ಒಳಗೆ ನಿಂತ ನೀರು ಹೊರಬರುತ್ತದೆ. ಪಕ್ಕದಲ್ಲಿ ಸಣ್ಣ ಕೊಳವೆ ಇದ್ದರೆ ಮೊದಲು ಅದರ ಬಿರಡೆ ತೆಗೆದು ನೀರು ಬಸಿಯಿರಿ. ಆಮೇಲೆ ಫಿಲ್ಟರನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ನಿಧಾನವಾಗಿ ತಿರುಗಿಸಿ ಎಳೆಯಿರಿ. ತೆಗೆದ ಗೂಡಿನೊಳಗೆ ಟಾರ್ಚ್ ಬಿಟ್ಟರೆ ಪಂಪಿನ ಪುಟ್ಟ ರೆಕ್ಕೆ ಕಾಣುತ್ತದೆ. ಒಂದು ಕಡ್ಡಿಯಿಂದ ನೂಕಿದರೆ ತಿರುಗಬೇಕು. ಕೂದಲು, ದಾರ ಸುತ್ತಿಕೊಂಡಿದ್ದರೆ ಬಿಡಿಸಿ. ಫಿಲ್ಟರನ್ನು ತೊಳೆದು, ಕೊನೆಯವರೆಗೆ ಬಿಗಿಯಾಗಿ ಕೂರಿಸಿ. ಸಡಿಲ ಬಿಟ್ಟರೆ ಮುಂದಿನ ಸಲ ನೆಲದ ತುಂಬ ನೀರು. ತಿಂಗಳಿಗೊಮ್ಮೆ ಇದನ್ನು ಮಾಡುವ ಹೊಣೆ ಮೆಷಿನ್ ನಡೆಸುವವರದು. ಮೇಲಿನಿಂದ ಬಟ್ಟೆ ಹಾಕುವ ಮೆಷಿನ್ನುಗಳಲ್ಲಿ ಎಷ್ಟೋ ಸಲ ಇಂಥ ಫಿಲ್ಟರ್ ಕೈಗೆ ಸಿಗುವುದಿಲ್ಲ, ತೊಟ್ಟಿಯೊಳಗೆ ನಾರು ಹಿಡಿಯುವ ಜಾಲರಿ ಚೀಲ ಮಾತ್ರ ಇರುತ್ತದೆ.

ಜೇಬಿನ ವಿಷಯದಲ್ಲಿ ಒಂದಕ್ಕೆ ಮಾತ್ರ ಇಬ್ಬರೂ ಹೊಣೆ ಹೊರಬೇಕು: ಸಿಗರೇಟ್ ಲೈಟರ್ ಮತ್ತು ಬ್ಯಾಟರಿ ಇರುವ ವಸ್ತುಗಳು. ಲಿಥಿಯಂ ಬ್ಯಾಟರಿ ಜಜ್ಜಿದರೆ, ಬಿಸಿಯಾದರೆ ಹೊತ್ತಿಕೊಳ್ಳಬಹುದು. ಡ್ರೈಯರಿನೊಳಗೆ ಲೈಟರ್ ಇನ್ನೂ ಅಪಾಯ. ಆದ್ದರಿಂದ ತೊಟ್ಟವರು ಖಾಲಿ ಮಾಡಿದ್ದರೂ ಒಗೆಯುವವರು ಡ್ರಮ್ಮಿಗೆ ಹಾಕುವಾಗ ಪ್ರತಿ ಪ್ಯಾಂಟು, ಜಾಕೆಟ್ಟನ್ನು ಹೊರಗಿನಿಂದ ಒಮ್ಮೆ ಅಮುಕಿ ನೋಡಲಿ. ಇದು ಗಟ್ಟಿ ವಸ್ತುವಿಗಾಗಿ ಮಾಡುವ ಎರಡನೇ ಕಾವಲು. ಮಡಿಸಿದ ಕಾಗದ ಇದರಲ್ಲಿ ಸಿಗುವುದಿಲ್ಲ, ಸಿಗಲಿಲ್ಲವೆಂದು ದೂರುವುದೂ ಸರಿಯಲ್ಲ. ಇಯರ್‌ಬಡ್ ನೀರಿಗೆ ಬಿದ್ದು ಬಂದರೆ ಕೆಲಸ ಮಾಡುತ್ತದೆಯೇ ಎಂದು ಕೂಡಲೇ ಚಾರ್ಜಿಗೆ ಹಾಕಬೇಡಿ.

ಬಣ್ಣದ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಕೆಂಪು ಅಂಗಿಯನ್ನು ಬಿಳಿ ಹಾಸಿಗೆ ಹೊದಿಕೆಯ ಜೊತೆ ಹಾಕಿದವರದೇ ತಪ್ಪು. ಆದರೆ ಅಂಗಿ ಹೊಸದು, ಇದೇ ಮೊದಲ ಒಗೆತ ಎಂಬುದು ತಂದವರಿಗೆ ಮಾತ್ರ ಗೊತ್ತಿದ್ದು, ಅವರು ಹೇಳದೆ ಬುಟ್ಟಿಗೆ ಎಸೆದಿದ್ದರೆ ದೊಡ್ಡ ಪಾಲು ಅವರದು. ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣ ನಾರಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಆದರೆ ಎಲ್ಲವೂ ಅಲ್ಲ. ಬೆಸೆಯದೆ ಉಳಿದದ್ದನ್ನು ಕಾರ್ಖಾನೆಯಲ್ಲಿ ಚೆನ್ನಾಗಿ ತೊಳೆಯದಿದ್ದರೆ ಅದು ನಿಮ್ಮ ಮನೆಯಲ್ಲಿ ಮೊದಲ ಕೆಲವು ಒಗೆತಗಳಲ್ಲಿ ಬಿಡುತ್ತದೆ. ಜೀನ್ಸಿನ ನೀಲಿ ಬಣ್ಣ ಇಂಡಿಗೊ ಬೇರೆ ಜಾತಿ. ಅದು ನೂಲಿನ ಹೊರಮೈಯಲ್ಲಿ ಕೂತಿರುವುದರಿಂದ ತಿಕ್ಕಾಟಕ್ಕೆ ವರ್ಷಗಟ್ಟಲೆ ಬಿಡುತ್ತಲೇ ಇರುತ್ತದೆ. ಜೀನ್ಸು ಹಳೆಯದಾಯಿತೆಂದು ಬಿಳಿಯ ಜೊತೆ ಸೇರಿಸಬೇಡಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ನಂಬಿಕೆ ವ್ಯಾಪಕ. ಬಣ್ಣದ ತೊಟ್ಟಿಯಲ್ಲಿ ಉಪ್ಪು ಬಳಸುವುದು ಬಣ್ಣವನ್ನು ನಾರಿನತ್ತ ತಳ್ಳಲು. ಸಿದ್ಧ ಬಟ್ಟೆಯಲ್ಲಿ ಬೆಸೆಯದೆ ಉಳಿದ ಬಣ್ಣವನ್ನು ಅದು ಕಟ್ಟಿಹಾಕುವುದಿಲ್ಲ.

ಪರೀಕ್ಷೆ ಸುಲಭ. ಒಳಗಿನ ಹೊಲಿಗೆಯಂಚನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯನ್ನು ಅದರ ಮೇಲೆ ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ಬೇರೆಯಾಗಿ ಒಗೆಯಿರಿ, ಹತ್ತುವುದು ನಿಲ್ಲುವವರೆಗೆ.

ಬಣ್ಣ ಹತ್ತಿಯೇ ಬಿಟ್ಟಿದ್ದರೆ, ಒಣಗುವ ಮೊದಲೇ ಕೈಹಾಕಬೇಕು. ಬಣ್ಣ ಬಿಟ್ಟ ಬಟ್ಟೆಯನ್ನು ಹೊರಗೆ ತೆಗೆದು, ಉಳಿದದ್ದನ್ನು ಒದ್ದೆಯಿರುವಾಗಲೇ ಡಿಟರ್ಜೆಂಟ್ ಹಾಕಿ, ಧಾರಾಳ ನೀರಿನಲ್ಲಿ ಮತ್ತೆ ಒಗೆಯಿರಿ. ಆಮೇಲೂ ಉಳಿದರೆ, ಬಿಳಿ ಹತ್ತಿ ಬಟ್ಟೆಗೆ ಸೋಡಿಯಂ ಪರ್ಕಾರ್ಬೊನೇಟ್ ಇರುವ ಆಮ್ಲಜನಕದ ಬ್ಲೀಚನ್ನು ಪೊಟ್ಟಣದಲ್ಲಿ ಹೇಳಿದ ಅಳತೆಗೆ 40 ಡಿಗ್ರಿ ಅಥವಾ ಅದಕ್ಕಿಂತ ಬಿಸಿಯಾದ ನೀರಲ್ಲಿ ಕರಗಿಸಿ, ಕೆಲವು ಗಂಟೆ ನೆನೆಸಿ. ತಣ್ಣೀರಲ್ಲಿ ಅದು ಬಹಳ ಮಂದ. ಪಾತ್ರೆಗೆ ಬಿಗಿ ಮುಚ್ಚಳ ಹಾಕಬೇಡಿ, ಅನಿಲ ತುಂಬುತ್ತದೆ. ಉಣ್ಣೆ, ರೇಷ್ಮೆಗೆ ಇದು ಬೇಡ. ಕ್ಲೋರಿನ್ ಬ್ಲೀಚ್ ಅವುಗಳನ್ನೂ ಹಿಗ್ಗುವ ಬಟ್ಟೆಯಲ್ಲಿರುವ ಸ್ಪ್ಯಾಂಡೆಕ್ಸ್ ಎಳೆಗಳನ್ನೂ ಹಳದಿ ಮಾಡಿ ಕೆಡಿಸುತ್ತದೆ. ಕ್ಲೋರಿನ್ ಬ್ಲೀಚಿಗೆ ವಿನೆಗರ್, ಶೌಚಾಲಯ ತೊಳೆಯುವ ಆಮ್ಲ, ಅಮೋನಿಯಾ ಯಾವುದನ್ನೂ ಎಂದಿಗೂ ಬೆರೆಸಬೇಡಿ. ಏಳುವ ವಿಷಾನಿಲ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ.

ಉಣ್ಣೆ ಕುಗ್ಗುವುದನ್ನು ಮಾತ್ರ ಸರಿಪಡಿಸುವ ದಾರಿ ಬಹುತೇಕ ಇಲ್ಲ, ಹಾಗಾಗಿ ಅಲ್ಲಿ ಎಚ್ಚರ ದುಪ್ಪಟ್ಟು ಬೇಕು. ಉಣ್ಣೆಯ ನಾರಿನ ಮೇಲೆ ಹೆಂಚು ಹೊದಿಸಿದಂತೆ ಒಂದೇ ದಿಕ್ಕಿಗೆ ವಾಲಿದ ಪದರಗಳಿರುತ್ತವೆ. ಬಿಸಿ, ನೀರು, ತಿಕ್ಕಾಟ ಮೂರೂ ಸೇರಿದಾಗ ನಾರುಗಳು ಒಂದೇ ಕಡೆಗೆ ಸರಿದು, ಹಿಂದಕ್ಕೆ ಬರಲಾರದೆ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಉಗುರುಬೆಚ್ಚಗಿನ ನೀರಿಗೆ ಕೂದಲಿನ ಕಂಡಿಷನರ್ ಬೆರೆಸಿ ಅರ್ಧ ಗಂಟೆ ನೆನೆಸಿ, ಹಿಂಡದೆ, ಸಮತಟ್ಟಾಗಿ ಹಾಸಿ ಮೆಲ್ಲಗೆ ಎಳೆದರೆ ಸ್ವಲ್ಪ ಬಿಡಬಹುದು, ಅಷ್ಟೇ. ಸ್ವೆಟರ್ ಇರುವವರು ಅದನ್ನು ಸಾಮಾನ್ಯ ಬುಟ್ಟಿಗೆ ಹಾಕದೆ ಬೇರೆ ಇಡಬೇಕು. ಒಗೆಯುವವರು ಒಳಗಿನ ಪಟ್ಟಿಯ ಗುರುತು ನೋಡಬೇಕು. ತೊಟ್ಟಿಯ ಚಿತ್ರದೊಳಗಿನ ಅಂಕಿ ಗರಿಷ್ಠ ಉಷ್ಣತೆ, ಕೆಳಗೆ ಒಂದು ಗೆರೆ ಇದ್ದರೆ ಮೃದುವಾದ ಒಗೆತ, ಎರಡಿದ್ದರೆ ಇನ್ನೂ ಮೃದು, ಕೈಯ ಚಿತ್ರವಿದ್ದರೆ ಕೈಯಿಂದ ಮಾತ್ರ, ತೊಟ್ಟಿಯ ಮೇಲೆ ಅಡ್ಡಗೀಟಿದ್ದರೆ ನೀರಿಗೇ ಹಾಕುವಂತಿಲ್ಲ.

ಕಲೆಯ ವಿಷಯ ಹೇಳಬೇಕಾದವರು ತೊಟ್ಟವರು. ಎಣ್ಣೆಯ ಹನಿ ಬಟ್ಟೆ ಒದ್ದೆಯಾದೊಡನೆ ಕಣ್ಣಿಗೆ ಕಾಣುವುದಿಲ್ಲ, ಒಣಗಿದ ಮೇಲೆ ಮತ್ತೆ ಮೂಡುತ್ತದೆ. ಒಣಗಿದ್ದಾಗಲೇ ಪಾತ್ರೆ ತೊಳೆಯುವ ದ್ರವ ಸವರಿ ಹತ್ತು ನಿಮಿಷ ಬಿಟ್ಟು ಬುಟ್ಟಿಗೆ ಹಾಕಿದರೆ ಒಗೆಯುವವರಿಗೆ ಊಹಿಸುವ ಕೆಲಸ ಉಳಿಯುವುದಿಲ್ಲ. ರಕ್ತದ ಕಲೆಗೆ ತಣ್ಣೀರು ಮಾತ್ರ. ಬಿಸಿಗೆ ಅದರ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ.

ಮೆಷಿನ್ ಹಚ್ಚಿದವರ ಹೊಣೆಗೆ ಇನ್ನೆರಡು ಸೇರುತ್ತವೆ. ಮಳೆಕೋಟು, ನೀರು ಇಳಿಯದ ಹಾಸಿಗೆ ಕವರುಗಳನ್ನು ಸ್ಪಿನ್ನಿಗೆ ಹಾಕಬಾರದು; ಮಡಿಕೆಯಲ್ಲಿ ನಿಂತ ನೀರು ಹೊರಹೋಗಲಾರದೆ ಭಾರ ಒಂದೇ ಕಡೆ ವಾಲಿ, ಮೆಷಿನ್ ಕುಣಿದು ಒಡೆದದ್ದೂ ಇದೆ. ಒಗೆತ ಮುಗಿದ ಬಟ್ಟೆಯನ್ನು ಒಳಗೇ ಮರೆತರೆ ಬರುವ ಮುಗ್ಗಲು ವಾಸನೆಗೆ ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣ. ಅದು ಒಣಗಿಸಿದರೂ ಸುಲಭಕ್ಕೆ ಸಾಯುವುದಿಲ್ಲ, ಬಟ್ಟೆ ಮತ್ತೆ ಒದ್ದೆಯಾದಾಗ ವಾಸನೆ ಮರಳುತ್ತದೆ. ಮೆಷಿನ್ ಹಚ್ಚಿದವರು ಹೊರಗೆ ಹೋಗಬೇಕಾಗಿ ಬಂದರೆ ‘ತೆಗೆದು ಹರವಿ’ ಎಂದು ಹೆಸರು ಹಿಡಿದು ಒಬ್ಬರಿಗೆ ಹೇಳಿ ಹೋಗಬೇಕು. ಎಲ್ಲರಿಗೂ ಹೇಳಿದ್ದು ಯಾರಿಗೂ ಹೇಳದಂತೆ.

ಮನೆಯಲ್ಲಿ ಜಾರಿಗೆ ತರುವುದು ಹೀಗೆ. ಬುಟ್ಟಿಯ ಪಕ್ಕ ಒಂದು ಪುಟ್ಟ ಡಬ್ಬಿ ಇಡಿ, ಜೇಬಿನಿಂದ ಬಂದದ್ದೆಲ್ಲ ಅದಕ್ಕೆ. ಹೊಸ ಬಟ್ಟೆ, ಉಣ್ಣೆ, ಕಲೆಗೆ ಇನ್ನೂ ಏನೂ ಸವರದ ಬಟ್ಟೆ ಬುಟ್ಟಿಗಿಲ್ಲ, ಬುಟ್ಟಿಯ ಅಂಚಿನ ಮೇಲೆ. ಬುಟ್ಟಿಯೊಳಗೆ ಬಿದ್ದದ್ದು ಖಾಲಿ ಜೇಬಿನದು, ಹಾಗೇ ಮೆಷಿನ್ನಿಗೆ ಹಾಕಬಹುದಾದದ್ದು ಎಂದು ಒಗೆಯುವವರು ನಂಬುವಂತಿರಬೇಕು. ಸಣ್ಣ ಮಕ್ಕಳ ಜೇಬನ್ನು ಬಟ್ಟೆ ಬಿಚ್ಚಿಸುವ ದೊಡ್ಡವರು ಅವರ ಕೈಯಿಂದಲೇ ಖಾಲಿ ಮಾಡಿಸಲಿ. ಶಾಲೆಗೆ ಹೋಗುವ ವಯಸ್ಸಿಗೆ ಬಂದವರು ತಾವೇ ಮಾಡಬಲ್ಲರು. ಒಗೆಯಲು ಬೇರೆಯವರನ್ನು ನೇಮಿಸಿಕೊಂಡಿದ್ದರೆ ನಿಯಮ ಇನ್ನೂ ಬಿಗಿ: ನೀವು ಹೇಳದ ಸಂಗತಿಗೆ ಅವರನ್ನು ದೂರುವ ಹಕ್ಕು ನಿಮಗಿಲ್ಲ.

ಅನಾಹುತ ಆದ ಮೇಲೆ ಸರಿಪಡಿಸುವ ದುಡಿಮೆಯೂ ಹೊಣೆಗಾರರದೇ. ನಿಮ್ಮ ಮನೆಯ ಟಿಶ್ಯೂ ಇಟ್ಟವರು ಬ್ರಷ್ಷು ಹಿಡಿದು ಎಲ್ಲರ ಬಟ್ಟೆಯನ್ನೂ ಕೊಡವಲಿ, ಡ್ರಮ್ಮನ್ನೂ ಅವರೇ ಒರೆಸಲಿ, ಫಿಲ್ಟರನ್ನೂ ಅವರೇ ಬಿಚ್ಚಿ ನೋಡಲಿ.