ವಾರಕ್ಕೆ ಮೂರು ದಿನ ಚಾಮುಂಡಿ ಬೆಟ್ಟ ಹತ್ತಿದರೆ ಕುಮಾರ ಪರ್ವತಕ್ಕೆ ಸಾಕೇ?

ಪ್ರಶ್ನೆ: ನಾನಿರುವುದು ಮೈಸೂರಿನಲ್ಲಿ, ವಯಸ್ಸು ನಲವತ್ತರ ಆಸುಪಾಸು. ವಾರಕ್ಕೆ ಮೂರು ದಿನ ಬೆಳಿಗ್ಗೆ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗುತ್ತೇನೆ, ಬಸ್ಸಿನಲ್ಲಿ ಇಳಿದು ಬರುತ್ತೇನೆ. ಗೆಳೆಯರು ಡಿಸೆಂಬರ್‌ನಲ್ಲಿ ಕುಮಾರ ಪರ್ವತಕ್ಕೆ ಕರೆಯುತ್ತಿದ್ದಾರೆ. ಈ ಅಭ್ಯಾಸ ಸಾಕಾಗುತ್ತದೆಯೇ?

ಹತ್ತುವುದಕ್ಕೆ ಒಳ್ಳೆಯ ಬುನಾದಿ ಬಿದ್ದಿದೆ. ಇಳಿಯುವುದಕ್ಕೆ ಏನೇನೂ ಆಗಿಲ್ಲ. ಹಾಗಾಗಿ ನೀವು ಮೊದಲು ಮಾಡಬೇಕಾದ್ದು ಆ ಬಸ್ಸು ಬಿಡುವುದು.

ಮೊದಲು ಎತ್ತರದ ಲೆಕ್ಕ ನೋಡೋಣ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ, ಹಾಸಿದ ಆ ಮೆಟ್ಟಿಲುಗಳು ಸುಮಾರು ಸಾವಿರ. ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ ನಿಜ, ಆದರೆ ಮೈಸೂರು ಊರೇ 760 ಮೀಟರ್ ಎತ್ತರದಲ್ಲಿದೆ. ನೀವು ನಿಜವಾಗಿ ಏರುವುದು 250 ಮೀಟರ್ ಚಿಲ್ಲರೆ. ಕುಮಾರ ಪರ್ವತದ ತುದಿ 1,712 ಮೀಟರ್, ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಕುಕ್ಕೆ ಕಡೆಯಿಂದ ಹೋದರೆ ಏರು ಸುಮಾರು 1,500 ಮೀಟರ್ ದಾಟುತ್ತದೆ. ಅಂದರೆ ಚಾಮುಂಡಿ ಬೆಟ್ಟವನ್ನು ಒಂದರ ಮೇಲೊಂದರಂತೆ ಆರು ಸಲ ಹತ್ತಿದಷ್ಟು. ಅಷ್ಟನ್ನೂ ಮತ್ತೆ ಇಳಿಯಬೇಕು, ಅಲ್ಲಿ ಮೇಲೆ ಬಸ್ ಸ್ಟ್ಯಾಂಡ್ ಇಲ್ಲ.

ಈಗ ಇಳಿಜಾರಿನ ವಿಷಯ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲೆತ್ತುತ್ತದೆ. ಉಸಿರು ಏರುತ್ತದೆ, ಬೆವರು ಇಳಿಯುತ್ತದೆ, ಕಷ್ಟಪಟ್ಟೆ ಅಂತ ನಿಮಗೇ ಗೊತ್ತಾಗುತ್ತದೆ. ಇಳಿಯುವಾಗ ಅದೇ ಸ್ನಾಯು ಬ್ರೇಕ್ ಹಿಡಿದ ಹಾಗೆ, ಹಿಗ್ಗುತ್ತಲೇ ಭಾರ ತಡೆಯುತ್ತದೆ. ಏದುಸಿರು ಬರುವುದಿಲ್ಲವಾದ್ದರಿಂದ ಸುಲಭ ಅನ್ನಿಸುತ್ತದೆ. ಆದರೆ ಸ್ನಾಯುವಿನ ಎಳೆಗಳಿಗೆ ಸಣ್ಣಸಣ್ಣ ಪೆಟ್ಟು ಬೀಳುವುದು ಹೆಚ್ಚಾಗಿ ಈ ಕೆಲಸದಲ್ಲೇ. ಅಭ್ಯಾಸವಿಲ್ಲದವರಿಗೆ ಮಾರನೇ ದಿನ, ಮೂರನೇ ದಿನ ಟಾಯ್ಲೆಟ್ಟಿನಲ್ಲಿ ಕೂತು ಏಳಲು ಆಗದಂತೆ ತೊಡೆ ಹಿಡಿದುಕೊಳ್ಳುವುದು ಇದಕ್ಕೇ. ಸಮಾಧಾನದ ಸಂಗತಿಯೆಂದರೆ, ಈ ಸ್ನಾಯು ಬೇಗ ಕಲಿಯುತ್ತದೆ. ಒಮ್ಮೆ ನೋವು ತಿಂದು ಚೇತರಿಸಿಕೊಂಡ ಮೇಲೆ, ಅದೇ ಇಳಿತ ಮುಂದಿನ ಕೆಲವು ವಾರ ಅಷ್ಟು ನೋಯಿಸುವುದಿಲ್ಲ. ಕುಮಾರ ಪರ್ವತದಲ್ಲಿ, ಕುಕ್ಕೆ ಕಡೆಯ ದಾರಿಯ ನಡುವೆ ಸಿಗುವ ಭಟ್ಟರ ಮನೆಯಿಂದ ಕೆಳಗೆ ಕಾಡಿನೊಳಗೆ ಇಳಿಯುವಾಗ ಕಾಲು ಗಡಗಡ ನಡುಗುವ ಬಹುತೇಕರಿಗೆ ಕಡಿಮೆ ಬಿದ್ದಿರುವುದು ದಮ್ಮಲ್ಲ, ಈ ರೂಢಿ.

‘ಇಳಿದರೆ ಮಂಡಿ ಸವೆಯುತ್ತೆ’ ಅನ್ನುವ ಹಿರಿಯರು ಮೆಟ್ಟಿಲ ಬುಡದಲ್ಲೇ ಸಿಗುತ್ತಾರೆ. ಅವರ ಮಾತು ಪೂರ್ತಿ ಸುಳ್ಳಲ್ಲ, ಇಳಿಯುವಾಗ ಮಂಡಿಯ ಮೇಲೆ ಭಾರ ಹೆಚ್ಚೇ. ಹಾಗಂತ ತಪ್ಪಿಸಿಕೊಂಡರೆ ಆ ಭಾರವನ್ನೆಲ್ಲ ಡಿಸೆಂಬರ್‌ನಲ್ಲಿ ಒಂದೇ ದಿನ ಹೊರಬೇಕಾಗುತ್ತದೆ. ಮೊದಲ ವಾರ ದೊಡ್ಡ ನಂದಿಯವರೆಗೆ ಮಾತ್ರ, ಅಂದರೆ ಏಳುನೂರು ಮೆಟ್ಟಿಲಿನ ಸುಮಾರಿಗೆ, ಹತ್ತಿ ಅಲ್ಲಿಂದಲೇ ಇಳಿಯಿರಿ. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಧಡಧಡನೆ ಕುಕ್ಕಿಕೊಂಡು ಇಳಿಯಬೇಡಿ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿರುತ್ತಾರೆ, ಇಬ್ಬನಿ ಬಿದ್ದ ಬೆಳಿಗ್ಗೆ ಅಂಥ ಕಲ್ಲಿನ ಮೇಲೆ ಕಾಲಿಡುವಾಗ ಹುಷಾರು. ತೊಡೆ ನೋವು ಬಂದರೆ ಒಂದೆರಡು ದಿನ ಬಿಟ್ಟು ಮತ್ತೆ ಹೋಗಿ. ಮಂಡಿಯೊಳಗೆ ಚುಚ್ಚಿದಂತಾದರೆ, ಊತ ಬಂದರೆ ಅಭ್ಯಾಸ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಹತ್ತುವಾಗ ಎದೆ ಹಿಡಿದಂತಾಗುವವರು, ಬಿಪಿ ಇರುವವರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಆಮೇಲೆ ನಿಧಾನಕ್ಕೆ ಭಾನುವಾರದ ನಡಿಗೆ ಬೆಳೆಸಿ. ಎರಡು ಸಲ ಹತ್ತಿ ಇಳಿಯುವುದು, ಕೆಲವು ವಾರಗಳ ನಂತರ ಮೂರು ಸಲ. ಆರು ಸಲ ಬೇಕಿಲ್ಲ, ಅದು ಹಟಕ್ಕೆ ಬಿದ್ದವರ ಕೆಲಸ. ಬೆನ್ನಿಗೆ ಬ್ಯಾಗು ಹಾಕಿ ಎರಡು ಲೀಟರಿನ ಎರಡು ನೀರಿನ ಬಾಟಲಿ ಇಟ್ಟುಕೊಳ್ಳಿ. ಶುರುವಿನಲ್ಲಿ ತುದಿ ತಲುಪಿದ ಮೇಲೆ ನೀರು ಚೆಲ್ಲಿ ಹಗುರಾಗಿ ಇಳಿಯಬಹುದು, ಕಾಲು ಗಟ್ಟಿಯಾದ ಮೇಲೆ ತುಂಬಿದ ಬಾಟಲಿಯೊಂದಿಗೇ ಇಳಿಯಿರಿ. ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಪಕ್ಕದವರೊಡನೆ ಮಾತಾಡುತ್ತಾ ಹತ್ತಲು ಆಗುವಷ್ಟಿದ್ದರೆ ಸಾಕು. ತೂಕ ಇಳಿಯಲಿ ಎಂದು ಹತ್ತುವವರಿಗೂ ಒಂದು ಮಾತು: ಎಪ್ಪತ್ತು ಕೆಜಿಯವರು ಒಮ್ಮೆ ಹತ್ತಿದರೆ ಖರ್ಚಾಗುವುದು ಅಂದಾಜು ನೂರೈವತ್ತು ಇನ್ನೂರು ಕ್ಯಾಲೊರಿ. ಕೆಳಗೆ ಬಂದು ಬೆಣ್ಣೆ ಹಾಕಿದ ಮಸಾಲೆ ದೋಸೆ ತಿಂದರೆ ಲೆಕ್ಕ ತಲೆಕೆಳಗು.

ಮೆಟ್ಟಿಲು ಕಲಿಸದ ಎರಡು ಸಂಗತಿಗಳಿವೆ. ಒಂದು, ಬೇರು, ಉರುಳುಗಲ್ಲು, ಸಡಿಲ ಮಣ್ಣು. ಪಾದದ ಗಿಣ್ಣಿಗೆ ಅದೂ ಅಭ್ಯಾಸವಾಗಬೇಕು. ಅದಕ್ಕೆ ನಡುವೆ ಒಂದೆರಡು ಭಾನುವಾರ ಪಾಂಡವಪುರದ ಕುಂತಿ ಬೆಟ್ಟಕ್ಕೆ ಹೋಗಿ ಬನ್ನಿ. ಇನ್ನೊಂದು ಬಿಸಿಲು. ಭಟ್ಟರ ಮನೆ ದಾಟಿದ ಮೇಲೆ ಬಹುಪಾಲು ಬೋಳು ಹುಲ್ಲುಗಾವಲು, ನೆರಳಿಗೆ ಮರವಿಲ್ಲ. ಬೆಳಗಿನ ಆರಕ್ಕೆ ಹತ್ತಿ ರೂಢಿಯಾದವರಿಗೆ ಅಲ್ಲಿ ಹನ್ನೊಂದರ ಬಿಸಿಲು ತಲೆ ತಿರುಗಿಸುತ್ತದೆ. ಕೊನೆಯ ತಿಂಗಳಲ್ಲಿ ಆಗೊಮ್ಮೆ ಈಗೊಮ್ಮೆ ಒಂಬತ್ತೂವರೆಗೆ ಹೊರಡಿ, ಟೋಪಿ ಹಾಕಿಕೊಂಡು, ನೀರು ಕುಡಿಯುತ್ತಾ.

ಹೊರಡುವ ಹಿಂದಿನ ವಾರ ಬೆಟ್ಟಕ್ಕೆ ಒಂದೇ ಸಲ ಹೋಗಿ, ಅದೂ ಬ್ಯಾಗಿಲ್ಲದೆ. ಕಾಲಿನ ಉಗುರು ಕತ್ತರಿಸಿಕೊಳ್ಳಿ, ಇಳಿಯುವಾಗ ಶೂ ಒಳಗೆ ಬೆರಳು ಮುಂದಕ್ಕೆ ಒತ್ತಿ ಉಗುರು ಕಪ್ಪಾಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಯಾರು ಮಾಡಿಸುತ್ತಿದ್ದಾರೆಂದು ಆ ಗೆಳೆಯರನ್ನು ಈಗಲೇ ಕೇಳಿಬಿಡಿ.