ಟಿವಿ ಮುಂದಿನ ಪಿಸಿ, ಪಿಎಸ್5ಕ್ಕೆ ಸಾಟಿಯೇ?

ಪ್ರಶ್ನೆ: ಹಾಲ್‌ನಲ್ಲಿ 55 ಇಂಚಿನ ಟಿವಿ ಇದೆ. ಸೋನಿಯ ಗೇಮ್ ಕನ್ಸೋಲ್ ಪಿಎಸ್5 (ಪ್ಲೇಸ್ಟೇಷನ್ 5) ತರೋಣ ಅಂದುಕೊಂಡಿದ್ದೆ. ಗೆಳೆಯ ಬಿಡುತ್ತಿಲ್ಲ. 'ಆ ಡಬ್ಬಕ್ಕೆ ಯಾಕೆ ದುಡ್ಡು ಸುರೀತೀಯ? ಸ್ವಲ್ಪ ಮೇಲೆ ಹಾಕಿ ಪಿಸಿ ಜೋಡಿಸು, ಟಿವಿಗೆ ಸಿಕ್ಕಿಸಿದರೆ ಅದೇ ಕನ್ಸೋಲ್' ಅನ್ನುತ್ತಾನೆ. ಟಿವಿ ಮುಂದೆ ಇಟ್ಟ ಪಿಸಿ ನಿಜಕ್ಕೂ ಕನ್ಸೋಲಿಗೆ ಸಾಟಿಯಾಗುತ್ತದೆಯೇ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ. ಕಷ್ಟವೆಲ್ಲ ಇರುವುದು ಉಳಿದ ಕಾಲು ಪಾಲಿನಲ್ಲಿ. ಆಟ ಓಡಿಸುವ ತಾಕತ್ತಿನಲ್ಲಿ ಪಿಸಿ ಸೋಲುವುದಿಲ್ಲ, ದುಡ್ಡು ಹಾಕಿದಷ್ಟೂ ಮುಂದೆ ಹೋಗುತ್ತದೆ. ಅದು ಎಡವುವುದು ಸೋಫಾದ ಮೇಲೆ. ರಾತ್ರಿ ಊಟ ಮುಗಿಸಿ ಬಂದು ಕುಳಿತಾಗ, ಕಂಟ್ರೋಲರಿನ ಒಂದು ಗುಂಡಿ ಒತ್ತಿದರೆ ಟಿವಿ ತಾನೇ ಎದ್ದು, ನಿನ್ನೆ ಬಿಟ್ಟ ಜಾಗದಿಂದಲೇ ಆಟ ಶುರುವಾಗಬೇಕಲ್ಲ, ಅಲ್ಲಿ.

ತಾಕತ್ತಿನ ಮಾತು ಮೊದಲು ಮುಗಿಸಿಬಿಡೋಣ. ಒಂದು ಕಾಲಕ್ಕೆ ಕನ್ಸೋಲ್ ಅಂದರೆ ಬೇರೆಯದೇ ಜಾತಿಯ ಯಂತ್ರ. 2006ರ ಪಿಎಸ್3ರಲ್ಲಿದ್ದ 'ಸೆಲ್' ಪ್ರೊಸೆಸರಿಗೆ ಆಟ ಬರೆಯುವುದು ತಂತ್ರಜ್ಞರಿಗೇ ತಲೆನೋವಾಗಿತ್ತು. 2013ರಲ್ಲಿ ಪಿಎಸ್4 ಮತ್ತು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಒನ್ ಎರಡೂ ಎಎಂಡಿ ಕಂಪನಿಯ, ಪಿಸಿಗಳಲ್ಲಿರುವಂಥದೇ ಮಾಮೂಲಿ ಎಕ್ಸ್86 ಚಿಪ್‌ಗೆ ಬಂದವು. ಅಲ್ಲಿಂದಾಚೆ ಕನ್ಸೋಲ್ ಮತ್ತು ಪಿಸಿ ದಾಯಾದಿಗಳು. ಪಿಎಸ್5ರ ಒಳಗಿರುವುದು ಎಂಟು ಕೋರ್‌ಗಳ ಝೆನ್ 2 ಪ್ರೊಸೆಸರು, ಆರ್‌ಡಿಎನ್‌ಎ 2 ಪೀಳಿಗೆಯ ಗ್ರಾಫಿಕ್ಸು, ಎರಡಕ್ಕೂ ಸೇರಿ 16 ಜಿಬಿ ಮೆಮೊರಿ. 2020ರ ಚಿಪ್ ಅದು. ಇವತ್ತಿನ ಮಧ್ಯಮ ದರ್ಜೆಯ ಪಿಸಿ ಅದನ್ನು ಸಲೀಸಾಗಿ ಹಿಂದೆ ಹಾಕುತ್ತದೆ.

ಆದರೆ ಅದೇ ದುಡ್ಡಿಗೆ ಹಿಂದೆ ಹಾಕುತ್ತದೆಯೇ? ಡಿಸ್ಕ್ ಹಾಕುವ ಪಿಎಸ್5 ನಮ್ಮಲ್ಲಿ 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಬಂತು, ಆಮೇಲೆ 54,990 ಆಯಿತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಅಷ್ಟೇ ದುಡ್ಡು ಇಟ್ಟು ಕೇಳಿ ನೋಡಿ. ಪಿಎಸ್5ಕ್ಕೆ ಸಮನಾದ ಗ್ರಾಫಿಕ್ಸ್ ಕಾರ್ಡೊಂದೇ ಅದರ ದೊಡ್ಡ ಪಾಲು ತಿನ್ನುತ್ತದೆ. ಮದರ್‌ಬೋರ್ಡು, ಪ್ರೊಸೆಸರು, ರ್‍ಯಾಮ್, ಎಸ್‌ಎಸ್‌ಡಿ, ಪವರ್ ಸಪ್ಲೈ, ಕ್ಯಾಬಿನೆಟ್ ಎಲ್ಲ ಉಳಿದ ಚೂರಿನಲ್ಲಿ ಬರಬೇಕು. ಎಷ್ಟು ಚೌಕಾಸಿ ಮಾಡಿದರೂ ಲೆಕ್ಕ ಕೂಡುವುದಿಲ್ಲ. ಅದರ ಮೇಲೆ 2025ರ ಕೊನೆಯಿಂದ ರ್‍ಯಾಮ್ ದರಕ್ಕೆ ರೆಕ್ಕೆ ಬಂದಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿಯಂತೂ ಆ ಡಿಸೆಂಬರಿನಲ್ಲಿ ಜನಸಾಮಾನ್ಯರು ಕೊಳ್ಳುತ್ತಿದ್ದ 'ಕ್ರೂಷಿಯಲ್' ಬ್ರ್ಯಾಂಡನ್ನೇ ಮುಚ್ಚುವುದಾಗಿ ಹೇಳಿತು. ಗೆಳೆಯರ 'ಸ್ವಲ್ಪ ಮೇಲೆ' ಅನ್ನುವುದು ಈಗ ಸ್ವಲ್ಪ ಅಲ್ಲ.

ಹಾಗಾದರೆ ಸೋನಿಗೆ ಆ ಬೆಲೆ ಹೇಗೆ ಗಿಟ್ಟುತ್ತದೆ? ಯಂತ್ರದಲ್ಲಿ ಬಿಟ್ಟದ್ದನ್ನು ಆಟದಲ್ಲಿ ಹಿಡಿಯುತ್ತಾರೆ. ಎಕ್ಸ್‌ಬಾಕ್ಸ್ ಯಂತ್ರವನ್ನು ಯಾವತ್ತೂ ಲಾಭಕ್ಕೆ ಮಾರಿಲ್ಲ ಎಂದು ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು 2021ರಲ್ಲಿ ಆಟದ ಕಂಪನಿ ಎಪಿಕ್ ಮತ್ತು ಆ್ಯಪಲ್ ನಡುವಿನ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದರು. ಮಾರಾಟವಾಗುವ ಪ್ರತಿ ಆಟದಲ್ಲೂ ಕಂಪನಿಗೆ ಪಾಲಿದೆ, ಆನ್‌ಲೈನ್ ಆಡಲು ವರ್ಷವರ್ಷ ಚಂದಾ ಇದೆ. ಯಂತ್ರ ಬರೀ ಬಾಗಿಲು.

ಬಾಗಿಲನ್ನು ಅಗ್ಗಕ್ಕೆ ಕೊಟ್ಟವರು ಬೀಗದ ಕೈ ಯಾಕೆ ತಮ್ಮ ಬಳಿಯೇ ಇಟ್ಟುಕೊಳ್ಳುತ್ತಾರೆ ಅನ್ನುವುದಕ್ಕೆ ಪಿಎಸ್3ರ ಕಥೆ ಇದೆ. ಅದರಲ್ಲಿ ಮೊದಲು ಲಿನಕ್ಸ್ (ವಿಂಡೋಸಿನಂತೆ ಕಂಪ್ಯೂಟರ್ ನಡೆಸುವ, ಪುಕ್ಕಟೆ ಸಿಗುವ ವ್ಯವಸ್ಥೆ) ಹಾಕಿಕೊಳ್ಳಲು ಅವಕಾಶವಿತ್ತು. ಅಗ್ಗದ ಬೆಲೆಗೆ ಇಷ್ಟು ಗಣಿತ ಮಾಡುವ ಯಂತ್ರ ಸಿಗುವಾಗ ಯಾರು ಬಿಡುತ್ತಾರೆ? ಅಮೆರಿಕದ ವಾಯುಪಡೆಯ ಸಂಶೋಧನಾಲಯ 1,760 ಪಿಎಸ್3ಗಳನ್ನು ಸಾಲಾಗಿ ಜೋಡಿಸಿ 2010ರಲ್ಲಿ 'ಕಾಂಡೋರ್ ಕ್ಲಸ್ಟರ್' ಎಂಬ ಸೂಪರ್ ಕಂಪ್ಯೂಟರ್ ಕಟ್ಟಿತು. ಅಷ್ಟು ಯಂತ್ರಗಳಲ್ಲಿ ಒಂದಾದರೂ ಆಟದ ಡಿಸ್ಕ್ ಕಂಡಿರಲಿಕ್ಕಿಲ್ಲ. ಅದೇ ವರ್ಷ ಏಪ್ರಿಲ್ 1ರಂದು ಸೋನಿ ಒಂದು ಅಪ್‌ಡೇಟ್ ಕಳಿಸಿ ಲಿನಕ್ಸ್ ಸೌಲಭ್ಯ ತೆಗೆದುಹಾಕಿತು. ಭದ್ರತೆಯ ಕಾರಣ ಕೊಟ್ಟರು. ಅದು ನಿಜವೇ ಇರಬಹುದು, ಆದರೆ ಆಟವನ್ನೇ ಕೊಳ್ಳದ ಗಿರಾಕಿಯನ್ನು ಕಳೆದುಕೊಳ್ಳಲು ಯಾವ ಅಂಗಡಿಯವನೂ ಅಳುವುದಿಲ್ಲ. ಪಿಸಿಗೆ ಈ ಬೀಗವೇ ಇಲ್ಲ. ಹಾಗಾಗಿ ಅದನ್ನು ನಷ್ಟಕ್ಕೆ ಮಾರುವ ಧೈರ್ಯ ಯಾರಿಗೂ ಇಲ್ಲ. ಪಿಸಿ ಆಟಗಳನ್ನು ಆನ್‌ಲೈನಿನಲ್ಲಿ ಮಾರುವ ಸ್ಟೀಮ್ ಅಂಗಡಿಯ ಒಡೆಯ ವಾಲ್ವ್ ಕಂಪನಿ 2025ರ ನವೆಂಬರಿನಲ್ಲಿ ಟಿವಿಗೆಂದೇ 'ಸ್ಟೀಮ್ ಮಷೀನ್' ಎಂಬ ಪುಟ್ಟ ಪಿಸಿ ಪ್ರಕಟಿಸಿತು. ಒಂದು ಪಕ್ಕ ಸುಮಾರು 16 ಸೆಂಟಿಮೀಟರಿನ ಚೌಕ ಡಬ್ಬ. ಅವರೂ ಆಗಲೇ ಹೇಳಿದ್ದು, ಬೆಲೆ ಅದೇ ತಾಕತ್ತಿನ ಪಿಸಿಯ ಆಸುಪಾಸಿನಲ್ಲಿ ಇರುತ್ತದೆ, ಕನ್ಸೋಲಿನ ಲೆಕ್ಕದಲ್ಲಿ ಅಲ್ಲ ಎಂದು.

ಇನ್ನು ಕೊಂಡ ಮೇಲಿನ ಖರ್ಚು. ಇಲ್ಲಿ ತಕ್ಕಡಿ ನಿಧಾನವಾಗಿ ಪಿಸಿ ಕಡೆ ವಾಲುತ್ತದೆ. ಪಿಎಸ್5ರ ದೊಡ್ಡ ಆಟಗಳಿಗೆ 4,999 ರೂಪಾಯಿಯ ಬೆಲೆಪಟ್ಟಿ ಮೊದಲ ದಿನದಿಂದಲೇ ಇದೆ. ಸ್ಟೀಮ್‌ನಲ್ಲಿ ಬೇಸಿಗೆ ಸೇಲ್, ಚಳಿಗಾಲದ ಸೇಲ್ ಬರುವವರೆಗೆ ತಾಳ್ಮೆಯಿದ್ದರೆ ಎರಡು ಮೂರು ವರ್ಷ ಹಳೆಯ ಒಳ್ಳೊಳ್ಳೆಯ ಆಟಗಳು ಹೋಟೆಲ್ ಊಟದ ಬೆಲೆಗೆ ಸಿಗುತ್ತವೆ. ಎಪಿಕ್ ಅಂಗಡಿ ವಾರವಾರವೂ ಪುಕ್ಕಟೆ ಆಟ ಹಂಚುತ್ತದೆ. ಆನ್‌ಲೈನ್ ಆಡಲು ಚಂದಾ ಇಲ್ಲ. ಒಂದೇ ಒಂದು ವಿಷಯದಲ್ಲಿ ಕನ್ಸೋಲ್ ಗೆಲ್ಲುತ್ತದೆ, ನಮ್ಮಂಥವರಿಗೆ ಅದು ಸಣ್ಣದಲ್ಲ: ಡಿಸ್ಕ್. ಆಡಿ ಮುಗಿಸಿದ ಡಿಸ್ಕನ್ನು ಮಾರಬಹುದು, ಗೆಳೆಯನ ಜೊತೆ ಬದಲಾಯಿಸಿಕೊಳ್ಳಬಹುದು, ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಸ್ಟೀಮ್‌ನಲ್ಲಿ ಕೊಂಡದ್ದು ನಿಮ್ಮ ಖಾತೆಗೇ ಅಂಟಿಕೊಂಡಿರುತ್ತದೆ. ಪಿಎಸ್5 ತರುವುದೇ ಆದರೆ ಕೆಲವು ಸಾವಿರ ಉಳಿಸಲು ಹೋಗಿ ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿ ತರಬೇಡಿ ಅನ್ನುವುದು ಇದಕ್ಕೇ.

ಈಗ ಸೋಫಾಕ್ಕೆ ಬರೋಣ. ಕೆಲವು ವರ್ಷದ ಹಿಂದೆ ನಾನೂ ನಿಮ್ಮ ಗೆಳೆಯನ ಥರವೇ ಯೋಚಿಸಿ, ಕೋಣೆಯಲ್ಲಿದ್ದ ಪಿಸಿಯನ್ನು ಹಾಲ್‌ಗೆ ತಂದು ಟಿವಿ ಸ್ಟ್ಯಾಂಡಿನ ಪಕ್ಕ ನಿಲ್ಲಿಸಿದೆ. ಮೊದಲ ದಿನ ಮನೆಯವರೆಲ್ಲ ಬೆರಗಾದರು. ಎರಡನೇ ವಾರದಿಂದ ಒಂದೊಂದೇ ಶುರುವಾಯಿತು. ಪಿಸಿ ಆನ್ ಮಾಡಲು ಎದ್ದು ಹೋಗಬೇಕು. ಟಿವಿಯನ್ನು ಬೇರೆ ರಿಮೋಟಿನಲ್ಲಿ ಆನ್ ಮಾಡಿ ಎಚ್‌ಡಿಎಂಐ 2ಕ್ಕೆ ತಿರುಗಿಸಬೇಕು. ಆಟ ತೆರೆದರೆ ಅದರ ಹಿಂದೆ ಇನ್ನೊಂದು ಕಿಟಕಿ ತೆರೆದು, ಲಾಗಿನ್ ಆಗು ಅನ್ನುತ್ತದೆ. ಆ ಕಿಟಕಿಗೆ ಕಂಟ್ರೋಲರ್ ಅಂದರೆ ಏನೆಂದೇ ಗೊತ್ತಿಲ್ಲ. ಆಗ ತೊಡೆಯ ಮೇಲೆ ಕೀಬೋರ್ಡು, ದಿಂಬಿನ ಮೇಲೆ ಮೌಸು. ಅಮ್ಮ ಧಾರಾವಾಹಿ ಹಾಕಲು ಬಂದರೆ ಟಿವಿಯಲ್ಲಿ ನನ್ನ ಆಫೀಸಿನ ಫೋಲ್ಡರುಗಳು. ಮೂರು ತಿಂಗಳಿಗೆ ಪಿಸಿ ವಾಪಸು ಕೋಣೆ ಸೇರಿತು.

ಇವೆಲ್ಲ ಸಣ್ಣ ಸಣ್ಣ ಕಿರಿಕಿರಿ. ಆದರೆ ಕನ್ಸೋಲ್ ಕಂಪನಿಗಳು ಕೆಲಸ ಮಾಡಿರುವುದೇ ಇವುಗಳ ಮೇಲೆ. ಕಂಟ್ರೋಲರಿನ ಗುಂಡಿ ಒತ್ತಿದರೆ ಟಿವಿ ಆನ್ ಆಗುವುದು ಎಚ್‌ಡಿಎಂಐ ಕೇಬಲಿನಲ್ಲೇ ಹರಿಯುವ 'ಸಿಇಸಿ' ಎಂಬ ಸಂಕೇತದಿಂದ. ಪಿಸಿಗೆ ಹಾಕುವ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಅದು ಇರುವುದೇ ಇಲ್ಲ. ಆಟದ ಮಧ್ಯೆ ಯಂತ್ರವನ್ನು ಮಲಗಿಸಿ ಮರುದಿನ ಅಲ್ಲಿಂದಲೇ ಎಬ್ಬಿಸುವುದು ಪಿಎಸ್5ರಲ್ಲಿ ಮಾಮೂಲು. ವಿಂಡೋಸ್ ಪಿಸಿಯಲ್ಲಿ ಅದು ಆಯಿತು ಅಂದರೆ ಅದೃಷ್ಟ.

ವಾಲ್ವ್ ಇದನ್ನು ಸರಿಮಾಡಲು ಹೊರಟಿದ್ದು ಇದೇ ಮೊದಲಲ್ಲ. 2015ರ ನವೆಂಬರಿನಲ್ಲೂ ಏಲಿಯನ್‌ವೇರ್, ಝೋಟ್ಯಾಕ್ ಮುಂತಾದವರ ಕೈಯಲ್ಲಿ 'ಸ್ಟೀಮ್ ಮಷೀನ್' ಹೆಸರಿನ ಡಬ್ಬಗಳನ್ನು ಹೊರಡಿಸಿತ್ತು. ಅದರ ಸ್ಟೀಮ್‌ಒಎಸ್ ಎಂಬ ವ್ಯವಸ್ಥೆ ಲಿನಕ್ಸ್ ಆಧಾರಿತ, ವಿಂಡೋಸಿಗೆ ಬರೆದ ಆಟಗಳು ಅದರಲ್ಲಿ ಓಡುತ್ತಿರಲಿಲ್ಲ. ಅಂಗಡಿ ತೆರೆದಿದೆ, ಕಪಾಟಿನ ಬಹುಪಾಲು ಖಾಲಿ. ಮೂರು ವರ್ಷದೊಳಗೆ ಆ ಡಬ್ಬಗಳು ಸ್ಟೀಮ್‌ನ ಮುಖಪುಟದಿಂದಲೂ ಮಾಯವಾದವು. ಅದೇ 2018ರ ಆಗಸ್ಟಿನಲ್ಲಿ ಸದ್ದಿಲ್ಲದೆ ಬಂದದ್ದು 'ಪ್ರೋಟಾನ್'. ವಿಂಡೋಸಿನ ಆಟ ಕೇಳುವುದನ್ನು ಲಿನಕ್ಸಿಗೆ ಅರ್ಥವಾಗುವಂತೆ ಅಲ್ಲಲ್ಲೇ ಹೇಳಿಕೊಡುವ ದುಭಾಷಿ ಅದು. 2022ರಲ್ಲಿ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಬಂದಾಗ ಈ ದುಭಾಷಿಯಿಂದಾಗಿ ಸಾವಿರಾರು ಆಟ ಮೊದಲ ದಿನವೇ ಓಡಿದವು, ಗುಂಡಿ ಒತ್ತಿದರೆ ಮಲಗುವುದು ಏಳುವುದೂ ಕನ್ಸೋಲಿನಂತೆಯೇ ಆಯಿತು. ಹೊಸ ಸ್ಟೀಮ್ ಮಷೀನ್ ಅಂದರೆ ಅದೇ ವ್ಯವಸ್ಥೆ ಟಿವಿಗೆ. ಸಿಇಸಿ ಕೂಡ ಇದೆ. ಹತ್ತು ವರ್ಷದ ಹಿಂದೆ ನಗೆಪಾಟಲಾದ ಯೋಚನೆಗೆ ಈಗ ಕಾಲು ಬಂದಿದೆ ಅಂತ ನನಗೆ ಅನ್ನಿಸುವುದು ಇದರಿಂದ. ನಮಗಿರುವ ತೊಡಕು ಬೇರೆ. ವಾಲ್ವ್ ಸ್ಟೀಮ್ ಡೆಕ್ಕನ್ನೂ ಭಾರತದಲ್ಲಿ ನೇರವಾಗಿ ಮಾರಲಿಲ್ಲ. ಆಮದು ಮಾಡಿ ಮಾರುವವರು ಹೇಳಿದ್ದೇ ಬೆಲೆ, ವಾರಂಟಿ ದೇವರ ಮೇಲೆ.

ಸುಲಭಕ್ಕೆ ಬಗೆಹರಿಯದ ಇನ್ನೊಂದು ಸಮಸ್ಯೆ ಇದೆ. ಪರದೆಯ ಮೇಲಿನ ಬೆಳಕು, ನೀರು, ಹೊಗೆಯನ್ನೆಲ್ಲ ಬಿಡಿಸುವ ಸಣ್ಣ ಸಣ್ಣ ಪ್ರೋಗ್ರಾಮುಗಳಿಗೆ ಶೇಡರ್ ಎನ್ನುತ್ತಾರೆ. ಜಗತ್ತಿನ ಪಿಎಸ್5ಗಳೆಲ್ಲ ಒಂದೇ ಅಚ್ಚಿನವು, ಆದ್ದರಿಂದ ಶೇಡರುಗಳನ್ನು ಕಂಪನಿಯೇ ಬೇಯಿಸಿ ಡಬ್ಬಿಗೆ ಹಾಕಿ ಕಳಿಸುತ್ತದೆ. ಪಿಸಿಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರ್ಡು, ಅದನ್ನು ನಡೆಸುವ ಒಂದೊಂದು ಡ್ರೈವರ್ ತಂತ್ರಾಂಶ. ಅಡುಗೆ ನಿಮ್ಮ ಮನೆಯಲ್ಲೇ ಆಗಬೇಕು. ಆಟದ ನಡುವೆ ಬೇಯಿಸಲು ಹೊರಟರೆ ಚಿತ್ರ ಗಕ್ಕನೆ ನಿಂತು ಮುಂದೆ ಹೋಗುತ್ತದೆ. 2022ರ 'ಎಲ್ಡನ್ ರಿಂಗ್' ದುಬಾರಿ ಪಿಸಿಗಳಲ್ಲೂ ಹೀಗೆ ಮುಗ್ಗರಿಸಿತು. ಅದೇ ಆಟ ಬಡಪಾಯಿ ಸ್ಟೀಮ್ ಡೆಕ್ಕಿನಲ್ಲಿ ಹೆಚ್ಚು ನಯವಾಗಿ ಓಡಿತು: ಡೆಕ್ಕುಗಳೂ ಒಂದೇ ಅಚ್ಚಿನವಲ್ಲವೇ, ವಾಲ್ವ್ ಬೇಯಿಸಿಟ್ಟದ್ದನ್ನೇ ಕಳಿಸುತ್ತಿದ್ದದ್ದೂ ಒಂದು ಕಾರಣ. ನೀವೇ ಜೋಡಿಸಿದ ಪಿಸಿಗೆ ಆ ಭಾಗ್ಯ ಅಷ್ಟು ಸುಲಭಕ್ಕಿಲ್ಲ.

ಗುಂಪಾಗಿ ಆನ್‌ಲೈನ್ ಆಡುವವರಾದರೆ ಕೊಳ್ಳುವ ಮೊದಲು ನಿಮ್ಮ ಆಟದ ಹೆಸರು ನೋಡಿಕೊಳ್ಳಿ. ಕೆಲವು ಆಟಗಳಲ್ಲಿ ಮೋಸಗಾರರನ್ನು ಹಿಡಿಯುವ ಕಾವಲು ತಂತ್ರಾಂಶ ಲಿನಕ್ಸನ್ನು ನಂಬುವುದಿಲ್ಲ. ಫೋರ್ಟ್‌ನೈಟ್, ವ್ಯಾಲೊರೆಂಟ್ ಸ್ಟೀಮ್‌ಒಎಸ್‌ನಲ್ಲಿ ನಡೆಯುವುದಿಲ್ಲ. ಏಪೆಕ್ಸ್ ಲೆಜೆಂಡ್ಸ್ ಮೊದಲು ನಡೆಯುತ್ತಿತ್ತು, 2024ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಇವೆಲ್ಲ ಪಿಎಸ್5ರಲ್ಲಿ ಇವೆ. ಜಿಟಿಎ ಪ್ರಿಯರಿಗೆ ಇನ್ನೊಂದು ಮಾತು: ಜಿಟಿಎ 5 ಕನ್ಸೋಲಿಗೆ 2013ರ ಸೆಪ್ಟೆಂಬರಿನಲ್ಲಿ ಬಂತು, ಪಿಸಿಗೆ 2015ರ ಏಪ್ರಿಲಿನಲ್ಲಿ. 6ನೆಯದನ್ನೂ ಮೊದಲು ಪ್ರಕಟಿಸಿರುವುದು ಪಿಎಸ್5 ಮತ್ತು ಎಕ್ಸ್‌ಬಾಕ್ಸಿಗೆ ಮಾತ್ರ.

ಟಿವಿ 120 ಹರ್ಟ್ಸ್‌ನದಾಗಿದ್ದರೆ ಗಮನಿಸಿ: 120 ಹರ್ಟ್ಸ್ ಅಂದರೆ ಸೆಕೆಂಡಿಗೆ 120 ಚಿತ್ರ, ಅದನ್ನು 4ಕೆಯಲ್ಲಿ ಪೂರ್ತಿಯಾಗಿ ಕಳಿಸಲು ಎಚ್‌ಡಿಎಂಐ 2.1 ಎಂಬ ಹೊಸ ಮಾನಕ ಬೇಕು. ಎಎಂಡಿ ತನ್ನ ಮುಕ್ತ ಲಿನಕ್ಸ್ ಡ್ರೈವರಿಗೆ ಎಚ್‌ಡಿಎಂಐ 2.1 ಸೇರಿಸಲು ಹೋದಾಗ, 2024ರಲ್ಲಿ ಆ ಮಾನಕದ ಸಂಘವೇ ಒಪ್ಪಲಿಲ್ಲ. ಮಾಮೂಲಿ 60 ಹರ್ಟ್ಸ್ ಟಿವಿಯವರಿಗೆ ಇದರ ಗೊಡವೆ ಬೇಡ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಹಾಲ್‌ನ ಟಿವಿ ಮನೆಮಂದಿಗೆಲ್ಲ ಸೇರಿದ್ದು, ಆಡುವುದು ದಿನಕ್ಕೊಂದು ಗಂಟೆ, ಪಿಸಿಯಿಂದ ಬೇರೆ ಕೆಲಸವಿಲ್ಲ ಎಂದಾದರೆ ಡಿಸ್ಕಿನ ಪಿಎಸ್5 ತನ್ನಿ, ಗೆಳೆಯನಿಗೆ ನನ್ನ ಹೆಸರು ಹೇಳಿ ಬೈಸಿಕೊಳ್ಳಿ. ಮನೆಯಲ್ಲಿ ಕಾಲೇಜಿಗೆ ಹೋಗುವವರಿದ್ದು ಹೇಗೂ ಒಂದು ಪಿಸಿ ಬೇಕು ಎಂದಾದರೆ ಲೆಕ್ಕವೇ ಬದಲು: ಆಗ ಗ್ರಾಫಿಕ್ಸ್ ಕಾರ್ಡಿಗೆ ಹಾಕುವುದಷ್ಟೇ ಆಟದ ಖರ್ಚು, ಪಿಸಿಯೇ ಅಗ್ಗ. ಆದರೆ ಅದನ್ನು ಹಾಲ್‌ಗೆ ಹೊತ್ತು ತರಬೇಡಿ. ಕೋಣೆಯಲ್ಲೇ ಇರಲಿ. ಆಂಡ್ರಾಯ್ಡ್ ಟಿವಿಗೆ 'ಸ್ಟೀಮ್ ಲಿಂಕ್' ಆ್ಯಪ್ ಪುಕ್ಕಟೆ ಸಿಗುತ್ತದೆ; ಪಿಸಿಯಿಂದ ರೂಟರಿಗೆ ಲ್ಯಾನ್ ಕೇಬಲ್ ಎಳೆದು, ಟಿವಿಯನ್ನು 5 ಗಿಗಾಹರ್ಟ್ಸ್ ವೈಫೈಗೆ ಹಾಕಿದರೆ ಓಟದ, ಕಥೆಯ ಆಟಗಳಿಗೆ ಧಾರಾಳ ಸಾಕು. ಗುರಿಯಿಟ್ಟು ಸುಡುವ ಆಟಗಳಲ್ಲಿ ಮಾತ್ರ ಆ ಚೂರು ತಡ ಗೊತ್ತಾಗುತ್ತದೆ.

ಇನ್ನೂ ಮನಸ್ಸು ತೂಗಾಡುತ್ತಿದ್ದರೆ ಮೊದಲು ಪಿಎಸ್5ರ ಕಂಟ್ರೋಲರ್ ಡ್ಯುಯಲ್‌ಸೆನ್ಸ್ ಒಂದನ್ನೇ ತನ್ನಿ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಪಿಎಸ್5ರಲ್ಲಿ ನಡೆಯುವುದಿಲ್ಲ, ಡ್ಯುಯಲ್‌ಸೆನ್ಸ್ ಎರಡು ಕಡೆಯೂ ನಡೆಯುತ್ತದೆ. ಗೆಳೆಯನ ಪಿಸಿಯನ್ನು ಒಂದು ಶನಿವಾರ ನಿಮ್ಮ ಹಾಲ್‌ಗೆ ತರಿಸಿ, ಅದೇ ಕಂಟ್ರೋಲರ್ ಕೈಗೆ ಕೊಟ್ಟು, ಕೀಬೋರ್ಡನ್ನು ಮಾತ್ರ ಬಚ್ಚಿಟ್ಟುಬಿಡಿ.