ಬೊಜ್ಜಿನ ಉರಿಯೂತ ಅಂದ್ರೆ ಎಂತ, ಊಟದಿಂದ ಅದು ಇಳೀತದಾ?

ಈಗ ಎಲ್ಲಿ ನೋಡಿದ್ರೂ "ಇನ್‌ಫ್ಲಮೇಶನ್ ಕಡಿಮೆ ಮಾಡುವ ಆಹಾರ" ಅಂತ ಒಂದಲ್ಲ ಒಂದು ರೀಲ್, ಅರಶಿನ ಹಾಲು ಕುಡೀರಿ, ಆ ಪುಡಿ ತಗೊಳ್ಳಿ, ಈ ಕ್ಯಾಪ್ಸೂಲ್ ನುಂಗಿ. ಇಳಿಸ್ಬೇಕಾದ ಆ ಇನ್‌ಫ್ಲಮೇಶನ್ ಅಂದ್ರೆ ಎಂತ ಅಂತ ಮಾತ್ರ ಯಾರೂ ಹೇಳುದಿಲ್ಲ ಮಾರಾಯ್ರೆ.

ಕಾಲಿಗೆ ಮುಳ್ಳು ಚುಚ್ಚಿದ್ರೆ ಆ ಜಾಗ ಕೆಂಪಾಗಿ ಊದಿ ಬಿಸಿಯಾಗಿ ನೋಯ್ತದಲ್ಲಾ, ಅದೇ ಇನ್‌ಫ್ಲಮೇಶನ್, ಕನ್ನಡದಲ್ಲಿ ಉರಿಯೂತ. ದೇಹದ ರಕ್ಷಣೆ ಕೆಲಸ ಮಾಡ್ತಾ ಉಂಟು ಅಂತ ಅರ್ಥ, ಕೆಲಸ ಮುಗಿದ್ಮೇಲೆ ಇಳೀತದೆ, ಅಂಥದ್ದು ಬೇಕಾದ್ದೇ. ಬೊಜ್ಜಿನ ಉರಿಯೂತ ಆ ಜಾತಿದಲ್ಲ. ನೋವಿಲ್ಲ, ಜ್ವರ ಇಲ್ಲ, ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಗಟ್ಟಲೆ ಒಳಗೇ ಇರ್ತದೆ, ಡಾಕ್ಟ್ರುಗಳು ಇದಕ್ಕೆ ಕ್ರಾನಿಕ್ ಲೋ ಗ್ರೇಡ್ ಇನ್‌ಫ್ಲಮೇಶನ್ ಅಂತಾರೆ.

ಕೊಬ್ಬು ಸುಮ್ಮನೆ ಕೂತಿರ್ತದೆ ಅಂತ ತುಂಬಾ ಕಾಲ ಎಲ್ಲರೂ ತಿಳ್ಕೊಂಡಿದ್ರು. 1993ರಲ್ಲಿ ಅಮೆರಿಕದ ವಿಜ್ಞಾನಿಗಳು ದಪ್ಪ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಆಲ್ಫಾ ಅನ್ನುವ ಉರಿಯೂತದ ರಾಸಾಯನಿಕ ಜಾಸ್ತಿ ತಯಾರಾಗುದನ್ನು ತೋರಿಸಿದ್ರು, ಅಲ್ಲಿಂದ ಲೆಕ್ಕಾಚಾರವೇ ಬದಲಾಯ್ತು. ಆಗುದು ಹೀಗೆ: ಖರ್ಚಿಗಿಂತ ಜಾಸ್ತಿ ತಿಂದಾಗ ಕೊಬ್ಬಿನ ಕೋಶಗಳು ಉಬ್ಬುತ್ತಾ ಹೋಗ್ತವೆ, ಒಂದು ಹಂತದ ಮೇಲೆ ಅವಕ್ಕೆ ಆಮ್ಲಜನಕ ಸರಿಯಾಗಿ ಸಿಗುದಿಲ್ಲ, ಕೆಲವು ಸಾಯ್ತವೆ, ಸತ್ತದ್ದನ್ನು ಕ್ಲೀನ್ ಮಾಡ್ಲಿಕ್ಕೆ ಮ್ಯಾಕ್ರೋಫೇಜ್ ಅನ್ನುವ ರಕ್ಷಣಾ ಕೋಶಗಳು ಬಂದು ಸುತ್ತುಗಟ್ಟಿ ಅಲ್ಲೇ ಠಿಕಾಣಿ ಹೂಡ್ತವೆ. ಅವು ಬಿಡುವ ರಾಸಾಯನಿಕ ರಕ್ತಕ್ಕೆ ಸೇರಿ, ರಕ್ತದ ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರ್ತದೆ, ಶುಗರ್, ಹಾರ್ಟಿನ ತೊಂದರೆ ಬರುವ ಒಂದು ದಾರಿ ಇದು. ಇದರಲ್ಲಿ ಚರ್ಮದ ಕೆಳಗಿನ ಕೊಬ್ಬಿಗಿಂತ ಹೊಟ್ಟೆಯೊಳಗೆ ಕರುಳು ಲಿವರಿನ ಸುತ್ತ ಕೂರುವ ಕೊಬ್ಬು ಜಾಸ್ತಿ ಕಿತಾಪತಿಯದ್ದು.

ಹಾಗಾಗಿ ತೂಕದ ಮೆಶೀನಿಗಿಂತ ಟೇಪು ಒಳ್ಳೇದು. ಭಾರತೀಯರಿಗೆ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದರಿಂದ ಮೇಲೆ ಹೋದ್ರೆ ಜಾಗ್ರತೆ. ಪ್ಯಾಂಟಿನ ಸೈಜ್ ಹೇಳಿ ತಪ್ಪಿಸ್ಕೊಳ್ಳುದು ಬೇಡ, ನಮ್ಮ ಗಂಡಸರು ಪ್ಯಾಂಟು ಕಟ್ಟುದೇ ಹೊಟ್ಟೆಯ ಕೆಳಗೆ! ಕೊನೆಯ ಪಕ್ಕೆಲುಬು ಮತ್ತೆ ಸೊಂಟದ ಎಲುಬಿನ ನಡುವೆ ಟೇಪು ಇಟ್ಟು, ಉಸಿರು ಬಿಟ್ಟು ಅಳೀಬೇಕು.

ಈಗ ಊಟದ ವಿಷಯ. ಉರಿಯೂತದ ಮೂಲ ಆ ಕೊಬ್ಬೇ ಆದ್ರಿಂದ ಅದು ಕರಗದೆ ಮೇಲಿಂದ ಎಂತ ಕುಡಿದ್ರೂ ದೊಡ್ಡ ಪ್ರಯೋಜನ ಇಲ್ಲ. ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದ್ರೂ ರಕ್ತದಲ್ಲಿ ಉರಿಯೂತದ ಗುರುತುಗಳು ಕಡಿಮೆಯಾಗ್ತವೆ, 80 ಕಿಲೋ ಇದ್ದವರಿಗೆ ಅದು 4ರಿಂದ 8 ಕಿಲೋ. ಹಾಗಂತ ತೂಕ ಒಂದೇ ಅಲ್ಲ, ಊಟದ ಗುಣವೂ ಲೆಕ್ಕಕ್ಕೆ ಬರ್ತದೆ. ಇಟಲಿಯ ನೇಪಲ್ಸಿನಲ್ಲಿ ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆಯ ಬೊಜ್ಜು, ಬಿಪಿ, ಶುಗರ್, ರಕ್ತದ ಕೊಬ್ಬು ಇವುಗಳಲ್ಲಿ ಕೆಲವು ಒಟ್ಟಿಗೇ ಏರುಪೇರಾಗಿರುದು) ಇದ್ದ 180 ಜನರ ಮೇಲೆ 2 ವರ್ಷ ಅಧ್ಯಯನ ಮಾಡಿ 2004ರಲ್ಲಿ ವರದಿ ಕೊಟ್ರು, ತರಕಾರಿ, ಹಣ್ಣು, ಇಡೀ ಧಾನ್ಯ, ಆಲಿವ್ ಎಣ್ಣೆ ಜಾಸ್ತಿ ತಿಂದವರಲ್ಲಿ ಸಿಆರ್‌ಪಿ, ಅಂದ್ರೆ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್, ಇಳಿದಿತ್ತು.

ಆಲಿವ್ ಎಣ್ಣೆ ತರ್ಲಿಕ್ಕೆ ಓಡ್ಬೇಡಿ. ನಮ್ಮ ಕರಾವಳಿಯಲ್ಲೇ ಬೇಕಾದಷ್ಟು ಉಂಟು. ಬೂತಾಯಿ, ಬಂಗುಡೆ ಎರಡೂ ಒಮೆಗಾ 3 ಕೊಬ್ಬು ಚೆನ್ನಾಗಿ ಇರುವ ಮೀನು, ಉರಿಯೂತ ತಗ್ಗಿಸುವ ಕೆಲವು ವಸ್ತುಗಳನ್ನು ದೇಹ ಇದರಿಂದ ತಯಾರು ಮಾಡ್ತದೆ, ರೇಟೂ ಅಂಜಲ್ ಮೀನಿಗಿಂತ ಕಡಿಮೆ. ಆದ್ರೆ ನಾವು ಮಾಡುದೆಂತ, ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕೆಂಪಗೆ ಕರಿಯುದು, ಆಗ ಮೀನಿನ ಎಣ್ಣೆ ಹೊರಗೆ, ಬಾಣಲೆಯ ಎಣ್ಣೆ ಒಳಗೆ. ಮಣ್ಣಿನ ಚಟ್ಟಿಯಲ್ಲಿ ಪುಳಿಮುಂಚಿ, ಅಂದ್ರೆ ಹುಳಿ ಖಾರದ ಸಾರು, ಮಾಡಿ ತಿನ್ನಿ, ರುಚಿಗೂ ಅದೇ ಬೆಸ್ಟ್ ಅಂತ ನನ್ನ ವಾದ. ಜೂನ್ ಜುಲೈಯಲ್ಲಿ ಬೋಟ್ ನಿಂತಾಗ ಮೀನು ತುಟ್ಟಿ, ಆಗ ಹುರುಳಿ ಸಾರು ಉಂಟಲ್ಲ.

ಮೀನು ತಿನ್ನದವರಿಗೂ ದಾರಿ ಉಂಟು. ನಾರಿನಂಶ ಕರುಳಿನ ಬ್ಯಾಕ್ಟೀರಿಯಾಗಳಿಗೆ ಊಟ, ಅವು ಅದನ್ನು ಹುಳಿಸಿ ಬ್ಯುಟಿರೇಟ್ ತರದ ಸಣ್ಣ ಆಮ್ಲಗಳನ್ನು ಮಾಡ್ತವೆ, ಅವು ಕರುಳಿನ ಗೋಡೆ ಗಟ್ಟಿಯಾಗಿಟ್ಟು ಉರಿಯೂತ ಹತೋಟಿಯಲ್ಲಿಡ್ತವೆ. ಬಸಳೆ, ಹರಿವೆ, ಅಲಸಂಡೆ, ಹೆಸರು, ಹುರುಳಿ ಎಲ್ಲ ಇದಕ್ಕೇ. ಅಗಸೆ ಬೀಜದಲ್ಲೂ ಒಮೆಗಾ 3 ಉಂಟು, ಆದ್ರೆ ದೇಹ ಅದನ್ನು ಮೀನಿನ ನಮೂನೆಗೆ ಬದಲಾಯಿಸುದು ತುಂಬಾ ಸ್ವಲ್ಪ. ಕುಚ್ಚಲಕ್ಕಿ ಬೆಳ್ತಿಗೆ ಅಕ್ಕಿಗಿಂತ (ಬಿಳಿ ಅಕ್ಕಿ) ಒಳ್ಳೇದು ನಿಜ, ಆದ್ರೆ ಬಟ್ಟಲಲ್ಲಿ ಗುಡ್ಡೆ ಹಾಕಿ ತಿಂದ್ರೆ ಅಕ್ಕಿ ಅಕ್ಕಿಯೇ. ಸಂಜೆಯ ಬನ್ಸ್, ಗೋಳಿಬಜೆ, ಅದರ ಜೊತೆಗೆ ಸಕ್ಕರೆ ಚಾ, ಅದು ದಿನಾ ಆದ್ರೆ ಬೆಳಿಗ್ಗೆ ತಿಂದ ಸೊಪ್ಪಿನ ಲೆಕ್ಕ ಅಲ್ಲಿಗೆ ಚುಕ್ತಾ. ತೆಂಗಿನೆಣ್ಣೆಯ ಬಗ್ಗೆ ಹೇಳಿದ್ರೆ ಜಗಳಕ್ಕೆ ಬರ್ತೀರಿ, ಆದ್ರೂ ಅದರಲ್ಲಿ ನೂರಕ್ಕೆ 90ರ ಹತ್ತಿರ ಸ್ಯಾಚುರೇಟೆಡ್ ಕೊಬ್ಬು, ಅಂದ್ರೆ ಜಾಸ್ತಿಯಾದ್ರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಜಾತಿದ್ದು, ಒಗ್ಗರಣೆಗೆ ಸಾಕು.

ಅರಶಿನದಲ್ಲಿರುವ ಕರ್ಕ್ಯುಮಿನ್ ಅನ್ನುವ ಅಂಶವನ್ನು ಕರುಳು ಹೀರಿಕೊಳ್ಳುದೇ ಕಡಿಮೆ, ಕಾಳುಮೆಣಸು ಸೇರಿದ್ರೆ ಸ್ವಲ್ಪ ಜಾಸ್ತಿ. ಪದಾರ್ಥಕ್ಕೆ ಹಾಕಿ, ಬೊಜ್ಜು ಕರಗ್ತದೆ ಅಂತ ಕಾಯ್ಬೇಡಿ.

ಉರಿಯೂತ ಉಂಟಾ ಇಲ್ವಾ ಅಂತ ನೋಡ್ಲಿಕ್ಕೆ ಎಚ್‌ಎಸ್ ಸಿಆರ್‌ಪಿ ಅಂತ ರಕ್ತ ಪರೀಕ್ಷೆ ಉಂಟು. ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆ ಇದ್ರೆ ಹಾರ್ಟಿನ ಅಪಾಯ ಕಡಿಮೆ, 3 ದಾಟಿದ್ರೆ ಜಾಸ್ತಿ ಅಂತ ಲೆಕ್ಕ. ಶೀತ ಜ್ವರ, ಹಲ್ಲುನೋವು ಇರುವಾಗ ಮಾಡಿಸ್ಬೇಡಿ, ಆಗ ಅದು ಹೇಗೂ ಏರಿರ್ತದೆ, 10 ದಾಟಿದ್ರೆ ಡಾಕ್ಟ್ರು ಮೊದಲು ಹುಡುಕುದು ಇನ್‌ಫೆಕ್ಷನನ್ನೇ, ಹುಷಾರಾಗಿ ಎರಡು ವಾರ ಬಿಟ್ಟು ಇನ್ನೊಮ್ಮೆ ಕೊಟ್ರಾಯ್ತು.